ಎರಡು ಹಳೇ ಕಾರ್ಡು, ಒಂದು ಏರ್ ಕೂಲರ್

ಹೊಸಾದು ತಗೋಬೇಕು ಅನ್ನೋ ಮಂದಿನ್ನ ಕಂಡ್ರ ನನಗ ಮೈಯೆಲ್ಲ ಉರೀತೈತಿ. ಫೋನಿನ ಗಾಜಿಗೆ ಒಂದು ಗೀರು ಬಿದ್ರ ಹೊಸಾ ಫೋನು, ಮಿಕ್ಸರ್ ಒಂದಿನ ಗುರ್ ಅಂದ್ರ ಹೊಸಾ ಮಿಕ್ಸರು. ತಲಿ ಖರ್ಚು ಮಾಡಾಕ ಬರದವರು ರೊಕ್ಕ ಖರ್ಚು ಮಾಡ್ತಾರ. ನಾನು ಹಂಗಲ್ಲ. ಸಿಂಧನೂರಿನ ಪಿಯು ಕಾಲೇಜಿನ್ಯಾಗ ಹದಿನಾಲ್ಕು ವರ್ಷದಿಂದ ಫಿಜಿಕ್ಸ್ ಕಲಿಸಾಕಿ. ಕರೆಂಟು, ಕಾವು, ಬಲ, ವೇಗ ಎಲ್ಲಾ ನಾ ಹೇಳಿದಂಗ ಕೇಳ್ತಾವ ಅಂತ ತಿಳಕೊಂಡಿದ್ದೆ. ಹಂಗಾಗಿ ಮನಿ ಕಂಪ್ಯೂಟರಿನ ಸಮಸ್ಯಾ ನಾನ ಬಗೆಹರಿಸ್ತೀನಿ ಅಂತ ಡಂಗುರ ಸಾರಿಬಿಟ್ಟೆ!

ಸಮಸ್ಯಾ ಇಷ್ಟ. ನಮ್ಮ ಮನಿಯವರು ಮಲ್ಲೇಶ, ಮದುವಿ ವಿಡಿಯೋ ಎಡಿಟ್ ಮಾಡ್ತಾರ. ಮಾತು ಕಮ್ಮಿ, ಕೆಲಸ ನಾಜೂಕು. ಹತ್ತು ವರ್ಷ ಇನ್ನೊಬ್ಬರ ಸ್ಟುಡಿಯೋದಾಗ ಲೈಟಿನ ಸ್ಟ್ಯಾಂಡ್ ಹೊತ್ತು, ಈಗ ಮನ್ಯಾಗ ಸ್ವಂತ ಕೆಲಸ ಚಾಲೂ ಮಾಡ್ಯಾರ. ಮಸ್ಕಿಯ ಒಂದು ಫಂಕ್ಷನ್ ಹಾಲಿನ ಮಾಲಕ ವಿರೇಶ ನಮ್ಮ ಮನಿಯವರಿಗೆ ಸಾಫ್ ಹೇಳಿದ್ದ: "ರವಿವಾರದ ಮದುವ್ಯಾಗ ದೊಡ್ಡ ಸ್ಕ್ರೀನಿನ ಮ್ಯಾಲೆ ನೀವು ಮಾಡಿದ ಪ್ರೀ-ವೆಡ್ಡಿಂಗ್ ವಿಡಿಯೋ ಓಡಬೇಕು. ಚಂದ ಬಂತಂದ್ರ ಈ ಸೀಜನ್ನಿನ ಮದುವಿ ಎಲ್ಲಾ ನಿಮಗ. ಇಲ್ಲಾಂದ್ರ ನಿಮ್ಮ ದಾರಿ ನಿಮಗ." ದಾರಿ ಅಂದ್ರ ಮತ್ತ ಅದ ಲೈಟಿನ ಸ್ಟ್ಯಾಂಡು.

ಕಂಪ್ಯೂಟರಿನೊಳಗ ಗ್ರಾಫಿಕ್ಸ್ ಕಾರ್ಡು ಅಂತ ಒಂದಿರತೈತಿ, ಫ್ಯಾನು ಹಚ್ಚಿದ ಸಣ್ಣ ಹಲಗಿ. ವಿಡಿಯೋದ ಭಾರ ಎಲ್ಲಾ ಹೊರೋದು ಅದ. ನಮ್ಮದು ಏಳು ವರ್ಷ ಹೊತ್ತು ಸೊರಗಿತ್ತು.

"ಹೊಸಾ ಕಾರ್ಡು ಒಂದು ಹಾಕಿಸಿದ್ರ ಆತು," ಅಂದ್ರು ಮನಿಯವರು.

"ಯಾಕ? ಇಂಥಾದ್ದ ಹಳೇದು ಇನ್ನೊಂದು ತಂದು ಬಾಜೂಕ ಹಚ್ಚಿದ್ರ ಎರಡರ ಬಲ ಬರತೈತಿ."

"ಹಂಗ ಬರಂಗಿಲ್ಲ ಅಂಬಿಕಾ."

"ಫಿಜಿಕ್ಸ್ ನೀವು ಓದೀರೋ, ನಾ ಓದೀನೋ?"

ಅವರು ಬಿಎ. ಮೌಸ್ ಹಿಡಿದು ಕೆಲಸಕ್ಕ ತಿರುಗಿದ್ರು.

ನನಗ ಗೊರೇಬಾಳದ ನಮ್ಮಪ್ಪನ ಗದ್ದಿ ನೆನಪಿತ್ತು. ಕಾಲುವಿ ನೀರು ಒಂದು ಮೋಟಾರಿಗೆ ಏರಲಿಲ್ಲಾಂದ್ರ ಅಪ್ಪ ಇನ್ನೊಂದು ಹಳೇ ಮೋಟಾರು ಜೋಡಿಸ್ತಿದ್ದ, ನೀರು ದಬದಬ ಬಂದು ಬೀಳ್ತಿತ್ತು. ಎರಡು ಮೋಟಾರು ಕೂಡಿ ನೀರು ಎತ್ತತಾವಂದ್ರ ಎರಡು ಕಾರ್ಡು ಕೂಡಿ ಒಂದು ಮದುವಿ ವಿಡಿಯೋ ಎತ್ತಂಗಿಲ್ಲೇನು? ಇಷ್ಟು ಸಣ್ಣ ಮಾತು ತಿಳೀಲಾರದ ಗಂಡನ್ನ ಕಟಕೊಂಡು ಬಾಳೇವು ಮಾಡಾಕತ್ತೀನಿ ಅಂತ ಸ್ಟಾಫ್ ರೂಮಿನ್ಯಾಗ ಎಲ್ಲಾರಿಗೂ ಹೇಳಿ ನಗಿಸಿದೆ.

ಲಿಂಗಸುಗೂರಿನ ದಾವಲ್‌ಸಾಬನ ಕಂಪ್ಯೂಟರ್ ದುಕಾನಿಗೆ ನಾನ ಹೋದೆ. ಬಾಗಿಲು ಮುಚ್ಚಿದ ಯಾವುದೋ ನೆಟ್ ಸೆಂಟರಿನ ಹಳೇ ಕಾರ್ಡು, ನಮ್ಮದರಂಥಾದ್ದ, ಮೂಲ್ಯಾಗ ಧೂಳು ತಿನ್ನಾಕತ್ತಿತ್ತು.

"ಮೇಡಮ್ರಿ, ಇದು ಹಾಕಿದ್ರ ಕೂಡತೈತಿ. ಆದ್ರ ಮಲ್ಲೇಶ ಸರ್ ಬಳಸೋ ಸಾಫ್ಟ್‌ವೇರ್ ಒಂದ ಕಾರ್ಡಿಗೆ ಕೆಲಸ ಹೇಳತೈತಿ, ಎರಡನೇದಕ್ಕ ಹೇಳಂಗಿಲ್ಲ. ಹೊಸಾದು ಒಂದು ತಗೊಳ್ರಿ."

"ಮಾರಾಕ ಕುಂತವರು ಹಂಗ ಅಂತಾರ. ನೀ ಕಟ್ಟಿ ಕೊಡು."

ಅಂವ ಪೇಪರಿನ್ಯಾಗ ಸುತ್ತಿ ಕೊಟ್ಟ. ಬಸ್ಸಿನ್ಯಾಗ ಅದನ್ನ ತೊಡಿ ಮ್ಯಾಲೆ ಇಟಕೊಂಡು, ಜಗತ್ತಿನ ಎಲ್ಲಾ ದುಕಾನದಾರರ ಬಗ್ಗೆ ಮರುಗಿಕೋತ ಬಂದೆ.

ಮನಿಯವರು ಕಾರ್ಡು ಹಚ್ಚಿದ್ರು. ನಾ ಕಾಲೇಜಿನ ಲ್ಯಾಬಿಂದ ಸ್ಟಾಪ್‌ವಾಚ್ ತಂದು ಅವರ ಬೆನ್ನ ಹಿಂದ ನಿಂತೆ. ಅದ ಒಂದು ತುಂಡು ವಿಡಿಯೋ ತಯಾರಾಗಾಕ ಮೊದಲು ಹನ್ನೆರಡು ನಿಮಿಷ ಹಿಡೀತಿತ್ತು. ಈಗ ಏಳು!

"ಹೆಂಗ?" ಅಂದೆ.

"ಹೂಂ," ಅಂದ್ರು.

ಮರುದಿನ ಕ್ಲಾಸಿನ್ಯಾಗ ಬಲಗಳ ಕೂಡಿಕೆ ಪಾಠಕ್ಕ ನಮ್ಮ ಮನಿ ಕಾರ್ಡನ್ನ ಉದಾಹರಣೆ ಕೊಟ್ಟೆ. ಹುಡುಗೂರು ಬರಕೊಂಡ್ರು.

ಶನಿವಾರ ಮಧ್ಯಾಹ್ನ ಎಡಿಟ್ ಆದ ಪೂರ್ತಿ ವಿಡಿಯೋ ಒಂದ ಫೈಲ್ ಮಾಡಿ ಹೊರಗ ತಗಿಯೋ ಕೆಲಸ. ಹೊರಗ ಬಿಸಿಲು ಧಗಧಗ. ದೊಡ್ಡ ಸ್ಕ್ರೀನಿಗೆ ಬೇಕಂತ ಮನಿಯವರು ಕ್ವಾಲಿಟಿ ಪೂರಾ ಏರಿಸಿ ಹಚ್ಚಿದ್ರು. ಅರ್ಧ ತಾಸಿನ್ಯಾಗ ಕಂಪ್ಯೂಟರು ರೊಟ್ಟಿ ಹಂಚಿನಂಗ ಕಾದು ತಾನ ಆಫ್ ಆತು. ಮತ್ತ ಹಚ್ಚಿದ್ರು, ಮತ್ತ ಆಫ್ ಆತು. ಮೂರನೇ ಸಲ ಹಚ್ಚಿ, "ಮುಟ್ಟಬ್ಯಾಡ, ನಾಳಿಗೆ ತಲಿ ಕಟಿಂಗ್ ಮಾಡಿಸಿಕೊಂಡು ಬರ್ತೀನಿ," ಅಂತ ಹೇಳಿ ಹೋದ್ರು.

ಮುಟ್ಟಬ್ಯಾಡ ಅಂತ ನನಗ ಹೇಳೋದು! ಕಾವು ಕಳೀಬೇಕಂದ್ರ ಗಾಳಿ ಬೇಕು, ತಂಪು ಗಾಳಿ ಇದ್ರ ಇನ್ನೂ ಚಲೋ. ಪಡಸಾಲ್ಯಾಗ ನಮ್ಮತ್ತಿ ಗದ್ದೆಮ್ಮ ಏರ್ ಕೂಲರಿನ ಮುಂದ ಅಡ್ಡಾಗಿದ್ರು.

"ಅತ್ತಿ, ಕೂಲರ್ ಒಂದು ತಾಸು ಬೇಕಾಗಿತ್ತು. ಕಂಪ್ಯೂಟರಿಗೆ ಸೆಕಿ ಆಗಾಕತ್ತೈತಿ."

"ನನಗೂ ಆಗಾಕತ್ತೈತಿ," ಅಂದ್ರು ಅತ್ತಿ.

ಆದ್ರೂ ಎಳಕೊಂಡು ಹೋದೆ. ಟಾಕಿ ತುಂಬಾ ನೀರು ಹಾಕಿ, ಮ್ಯಾಲೆ ಐಸ್ ಸುರುವಿ, ಕಂಪ್ಯೂಟರಿನ ಬಾಜೂಕಿನ ತಗಡು ಬಿಚ್ಚಿ, ಮುಂದ ಕೂಲರ್ ಇಟ್ಟು ಪೂರಾ ಸ್ಪೀಡ್ ಕೊಟ್ಟೆ. ಹತ್ತು ನಿಮಿಷ ಎಂಥಾ ಚಂದ ಓಡಿತು ಅಂತೀರಿ! ಆಮ್ಯಾಲೆ ತುಂಬಿದ ಟಾಕಿಯ ನೀರು ಗಾಳಿ ಜೋಡಿ ಸಿಡಿಯಾಕ ಹತ್ತಿತು. ನಾ ಸ್ವಿಚ್ಚಿಗೆ ಕೈ ಹಾಕೋದ್ರಾಗ ಒಳಗ ಚಟ್ ಅಂತು. ಸುಟ್ಟ ವಾಸನಿ ಬಂತು, ಸ್ಕ್ರೀನು ಕಪ್ಪಾತು.

ಮನಿಯವರು ತಲಿಗೂದಲು ಸಣ್ಣ ಮಾಡಿಸಿಕೊಂಡು ಬಂದು ಬಾಗಿಲದಾಗ ನಿಂತ್ರು. ಕೂಲರ್ ನೋಡಿದ್ರು, ನನ್ನನ್ನ ನೋಡಿದ್ರು. ಬೈದಿದ್ರ ಚಲೋ ಇತ್ತು. ಸ್ಕ್ರೂಡ್ರೈವರ್ ತಗೊಂಡು ಎರಡೂ ಕಾರ್ಡು ಕಿತ್ತು ಚೀಲಕ್ಕ ಹಾಕಿದ್ರು, ವಿಡಿಯೋ ಎಲ್ಲಾ ಇದ್ದ ಹಾರ್ಡ್ ಡಿಸ್ಕ್ ಬಿಚ್ಚಿ ಟವೆಲ್ಲಿನ್ಯಾಗ ಸುತ್ತಿದ್ರು. ಕೂಸಿನ್ನ ಎತ್ತಿಕೊಂಡಂಗ ಎದಿಗೆ ಅವಚಿಕೊಂಡ್ರು. ಅದನ್ನ ನೋಡಿ ನನಗ ಅಳು ಬಂತು. ನನ್ನ ಶ್ಯಾಣ್ಯಾತನಕ್ಕ ಅವರು ಮತ್ತ ಲೈಟು ಹೊರಬೇಕಾದೀತು ಅಂತ ಮೊದಲನೇ ಸಲ ಹೆದರಿದೆ.

ಬೈಕ್ ಮ್ಯಾಲೆ ಇಬ್ಬರೂ ಲಿಂಗಸುಗೂರಿಗೆ ಹೋದ್ವಿ. ದಾವಲ್‌ಸಾಬ ಡಿಸ್ಕನ್ನ ತನ್ನ ಕಂಪ್ಯೂಟರಿಗೆ ಹಚ್ಚಿದ. ಅದರಾಗ ಹೊಸಾ ಕಾರ್ಡು, ಒಂದ ಒಂದು. ನಾವು ಚಾ ಕುಡಿದು ಮುಗಿಸೋದ್ರಾಗ ಅರ್ಧ ವಿಡಿಯೋ ಆಗಿತ್ತು, ಇನ್ನೊಂದು ಚಾಕ್ಕ ಪೂರಾ ಮುಗೀತು. ಅಂವ ನಮ್ಮ ಎರಡು ಹಸಿ ಕಾರ್ಡು ತಿರುವಿ ಮುರುವಿ ನೋಡಿದ.

"ಮೇಡಮ್ರಿ, ದುಡಿಯೋದು ಸತ್ತೈತಿ. ನೀವು ಒಯ್ದಿದ್ದು ಆರಾಮ ಐತಿ. ಅದು ಒಂದಿನಾನೂ ಕೆಲಸ ಮಾಡಿಲ್ಲ, ಕರೆಂಟ್ ತಿಂದು ಕಾವು ಬಿಟಗೊಂತ ಕುಂತೈತಿ ಅಷ್ಟ."

ಸುಳ್ಳು ಹೇಳ್ತಾನ ಅಂತ ಅನ್ನಾಕ ಬಾಯಿ ತೆಗೆದೆ. ಮನಿಯವರ ಮಾರಿ ನೋಡಿ ಮುಚ್ಚಿಕೊಂಡೆ.

ರವಿವಾರ ಮಸ್ಕ್ಯಾಗ ವಿಡಿಯೋ ಓಡಿತು. ಮದುಮಗಳ ಅವ್ವ ಸೆರಗಿಲೆ ಕಣ್ಣು ಒರಿಸಿಕೊಂಡಳು. ವಿರೇಶ ಬಂದು ಮನಿಯವರ ಕೈ ಹಿಡಿದು, "ಮುಂದಿನ ವಾರದ್ದೂ ನಿಮಗ, ಅದರಾಚೆದೂ ನಿಮಗ," ಅಂದ. ನನ್ನ ಎದಿ ಹಗುರಾತು. ಹಗುರಾದ ಕೂಡಲೆ ಹಳೇ ಚಾಳಿ ಎದ್ದು ಕುಂತಿತು.

ಊಟದ ಪಂಕ್ತ್ಯಾಗ ಕೇಳಿದೆ: "ಖರೇ ಹೇಳ್ರಿ. ಎರಡನೇ ಕಾರ್ಡು ಕೆಲಸನ ಮಾಡಿಲ್ಲಾಂದ್ರ ಹನ್ನೆರಡು ನಿಮಿಷದ್ದು ಏಳಕ್ಕ ಹೆಂಗ ಬಂತು? ನಾ ಕಣ್ಣಾರೆ ನೋಡೀನಿ."

"ಅವತ್ತು ನಾ ಕ್ವಾಲಿಟಿ ಅರ್ಧಕ್ಕ ಇಳಿಸಿದ್ದೆ. ಭಾರ ಕಮ್ಮಿ ಆತು, ಟೈಮೂ ಕಮ್ಮಿ ಆತು."

"ಯಾಕ?"

ಮನಿಯವರು ಹೋಳಿಗಿ ಮುರಕೊಂತ ಅಂದ್ರು: "ಪ್ರಾಕ್ಟಿಕಲ್ ಪರೀಕ್ಷಾದಾಗ ನಿಮ್ಮ ಕಾಲೇಜಿನ ಹುಡುಗೂರು ಯಾಕ ಮಾಡ್ತಾರೋ ಅದಕ್ಕ. ಮೇಡಮ್ ಬೆನ್ನ ಹಿಂದ ನಿಂತಿದ್ರು, ಅವರಿಗೆ ಬೇಕಾದ ರೀಡಿಂಗ್ ಕೊಟ್ಟೆ."