ನಾರ್ವೆಗೆ ಬಾರದ ಆಫ್ರಿಕಾದ ಹುಳ

ಕೊಪ್ಪದ ಹತ್ತಿರದ ನಮ್ಮೂರು ನಾರ್ವೆಯಲ್ಲಿ, ನಮ್ಮ ಜೇನುಪೆಟ್ಟಿಗೆಯಲ್ಲಿ ಸಿಕ್ಕ ಹುಳ ಆಫ್ರಿಕಾದ್ದಲ್ಲವಂತೆ! ಗೂಡು ಸುಡುವುದು ಬೇಡವಂತೆ! ಮೊಮ್ಮಗಳು ವಿನುತಾ ಇವತ್ತು ಚಪ್ಪಲಿ ಬಿಡುವ ಮೊದಲೇ ಅಂಗಳದಿಂದ ಕೂಗಿ ಹೇಳಿದಳು. ಖುಷಿ ತಡೆಯಲಾಗದೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪೆನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಸಂತೋಷವೇ ಕಾರಣ ಎಂದು ತಿಳಿಯಿರಿ.

ಕೃಷಿ ಕಾಲೇಜಿನಲ್ಲಿ ಓದುವ ಅವಳು ಹೋದ ವಾರ ಬಂದಾಗ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದಳು. ಉದ್ದಿನ ಕಾಳಿನಷ್ಟು ಗಾತ್ರದ ಕಂದು ಹುಳವೊಂದು ಸರಕ್ಕನೆ ಓಡಿತು. ಇವಳ ಮುಖ ಬಿಳಿಚಿತು.

"ಅಜ್ಜಾ, ಆಫ್ರಿಕಾದಲ್ಲಿ ಇಂಥದ್ದೊಂದು ಉಂಟು. ಈಗ ಅಮೆರಿಕ, ಆಸ್ಟ್ರೇಲಿಯಾಕ್ಕೂ ಹೋಗಿದೆ. ಸಂದಿಯಲ್ಲಿ ಮೊಟ್ಟೆ ಇಡ್ತದೆ. ಮರಿಗಳು ಜೇನು, ಪರಾಗ, ಜೇನಿನ ಮರಿ ಎಲ್ಲಾ ತಿಂತವೆ. ಉಳಿದ ಜೇನುತುಪ್ಪ ಹುಳಿ ಬಂದು ಸೋರ್ತದೆ. ಆಮೇಲೆ ಆ ಮರಿಗಳು ಮಣ್ಣಿಗಿಳಿದು ಹುಳ ಆಗಿ ಮತ್ತೆ ಬರ್ತವೆ. ಅದೇ ಆಗಿದ್ರೆ ಗೂಡು ಸುಡ್ಬೇಕಾಗ್ತದೆ."

"ಎಂತ ಮಾತು ಮಾರಾಯ್ತಿ! ಅಲ್ಲಿಂದ ಇಲ್ಲಿಗೆ ಅದು ಹೆಂಗೆ ಬರ್ತದೆ?"

"ಹಡಗಲ್ಲಿ, ಹಣ್ಣಿನ ಜೊತೆ."

"ನಾರ್ವೆಗೆ ಕೊಪ್ಪದ ಬಸ್ಸೇ ಸರಿಯಾಗಿ ಬರೋದಿಲ್ಲ. ಹಡಗು ಯಾವುದು?"

ಅವಳು ನಗಲಿಲ್ಲ. ಹುಳವನ್ನು ನನ್ನ ಸುಣ್ಣದ ಡಬ್ಬಿಗೆ ಹಾಕಿಕೊಂಡು ಕಾಲೇಜಿನ ಮೇಷ್ಟರಿಗೆ ತೋರಿಸಲು ಹೊರಟಳು. ಹೊರಡುವ ಮುಂಚೆ ಇನ್ನೊಂದು ವಿಷಯ ಹೇಳಿದಳು. ಆಫ್ರಿಕಾದ ಜೇನ್ನೊಣಗಳು ಈ ಹುಳವನ್ನು ಮೂಲೆಯಲ್ಲಿ ಅಂಟು ಮೆತ್ತಿ ಕೂಡಿಹಾಕಿ ಕಾವಲು ನಿಲ್ಲುತ್ತವಂತೆ. ಹುಳ ಮೀಸೆಯಿಂದ ಕಾವಲುಗಾರನ ಬಾಯಿ ಸವರಿದರೆ ಆತನೇ ತುತ್ತು ಕೊಡುತ್ತಾನಂತೆ! ಪೋಲೀಸಿನವನು ಕಳ್ಳನಿಗೆ ಉಣ್ಣಿಸಿದ ಹಾಗಾಯಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆದರೆ ನಮ್ಮ ಪೆಟ್ಟಿಗೆಯ ತುಡುವೆ ಜೇನಿನ ಸಂಸಾರವನ್ನು ಮರದ ಪೊಟರೆಯಿಂದ ಕೈಯಾರೆ ತಂದು ಸಾಕಿದವನು ನಾನು. ವಾರವೆಲ್ಲ ಬೆಂಕಿಪೊಟ್ಟಣ ಕಂಡರೆ ಮುಖ ತಿರುಗಿಸುತ್ತಿದ್ದೆ. ಬೀಡಿಯನ್ನೂ ಬಿಟ್ಟೆ.

ಇವತ್ತು ಉತ್ತರ ಬಂತು. ಆ ಹುಳ ನಮ್ಮ ಕಡೆಗೆ ಇನ್ನೂ ಕಾಲಿಟ್ಟಿಲ್ಲ, ಇದು ಒಣ ಅಡಿಕೆ ಕೊರೆಯುವ ನಮ್ಮದೇ ಹುಳ ಎಂದರಂತೆ ಮೇಷ್ಟರು.

ಸಂಜೆ ಮಗ, ಸೊಸೆ, ವಿನುತಾ, ನಾವಿಬ್ಬರು ಎಲ್ಲರೂ ಒಟ್ಟಿಗೆ ಕೂತು ನೀರುದೋಸೆ, ಜೇನುತುಪ್ಪ ತಿಂದೆವು. ನನ್ನ ಹೆಂಡತಿ ಇದ್ದಕ್ಕಿದ್ದಂತೆ, "ಅಡಿಕೆ ಹುಳಕ್ಕೆ ಜೇನುಪೆಟ್ಟಿಗೆಯಲ್ಲಿ ಎಂತ ಕೆಲಸ?" ಎಂದಳು.

"ಮುಚ್ಚಳದ ಕೆಳಗೆ ಹಳೇ ಅಡಿಕೆ ಚೀಲದ ತುಂಡಿತ್ತು ಅಜ್ಜಿ. ಯಾರು ಹಾಸಿದ್ದೋ!"

ನೊಣಗಳಿಗೆ ಚಳಿಯಾಗದಿರಲೆಂದು ಅದನ್ನು ಹಾಸಿದ ಪುಣ್ಯಾತ್ಮನ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಆದರೆ ಬಾಯಲ್ಲಿ ದೋಸೆ ಇತ್ತಲ್ಲ. ಉಣ್ಣುವಾಗ ಮಾತಾಡಬಾರದೆಂದು ಮನೆಯವರಿಗೆಲ್ಲ ಹೇಳುತ್ತ ಬಂದ ನಾನು ಆ ನಿಯಮವನ್ನು ಮೊದಲ ಸಲ ಪಾಲಿಸಿದೆ, ಇನ್ನೊಂದು ದೋಸೆ ಹಾಕಿಸಿಕೊಂಡೆ.