ಅಡ್ಡಿ ತೆಗೆಯುವ ಮ್ಯಾನೇಜರು

ಮ್ಯಾನೇಜರ್ ಎಂದರೆ ಕೆಲಸ ಮಾಡುವವನಲ್ಲ, ಮಾಡಿಸುವವನು. ಈ ವಿಷಯದಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಕೊಟ್ಟೂರಿನ ನಮ್ಮ ಖಡಕ್ ರೊಟ್ಟಿ ಕಂಪನಿ ನಾಲ್ಕು ಒಲೆಗಳಿಂದ ಶುರುವಾದಾಗ ನಾನೇ ಮ್ಯಾನೇಜರ್. ಒಲೆಮನೆಯ ಬಾಗಿಲಲ್ಲೇ ಟೇಬಲ್ ಹಾಕಿಸಿಕೊಂಡು ಕೂತು, ಹಿಟ್ಟು ಒಳಗೆ ಬಂದರೆ ‘ಹ್ಞೂಂ’, ರೊಟ್ಟಿ ಹೊರಗೆ ಹೋದರೆ ‘ಹ್ಞೂಂ’ ಅನ್ನುತ್ತಿದ್ದೆ. ನಾನೊಂದು ದಿನ ಬರದಿದ್ದರೆ ಕಂಪನಿ ಮುಳುಗೀತೆಂದು, ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಬಂದು ಹ್ಞೂಂ ಅಂದಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ದಾವಣಗೆರೆ, ಬೆಂಗಳೂರಿನಿಂದಲೂ ಬೇಡಿಕೆ ಬಂದು ಕಂಪನಿ ಬೆಳೆಯಿತು. ನಮ್ಮ ಸಾಹುಕಾರರು ಬೆಂಗಳೂರಿನಲ್ಲಿ ಯಾವುದೋ ತರಬೇತಿ ಮುಗಿಸಿ ಬಂದರು. ಬಂದವರೇ, ಇನ್ನು ಮ್ಯಾನೇಜರ್ ಹುಕುಂ ಮಾಡುವಂತಿಲ್ಲ, ಕೆಲಸಗಾರರೇ ಕೂಡಿ ತೀರ್ಮಾನಿಸಬೇಕು, ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಚುಟುಕಾಗಿ ಸಭೆ ನಡೆಸಬೇಕು, ಅವರ ಕೆಲಸಕ್ಕಿರುವ ಅಡ್ಡಿಗಳನ್ನು ತೆಗೆಯುವುದಷ್ಟೇ ಮ್ಯಾನೇಜರನ ಪಾಲು ಎಂದು ಸಾರಿದರು. ಹುಕುಂ ಇಲ್ಲದ ಮ್ಯಾನೇಜರಿಗೆ ಸಂಬಳವಾದರೂ ಯಾಕೆ ಎಂದು ಅವರಿಗೆ ಹೊಳೆಯಲು ಎಷ್ಟು ಹೊತ್ತು?

ಆದರೆ ನಾನು ಅಷ್ಟು ಸುಲಭಕ್ಕೆ ಸೋಲುವ ಪೈಕಿ ಅಲ್ಲ. ಮಾರನೆಯ ಬೆಳಿಗ್ಗೆಯೇ ಸಭೆ ಕರೆದು, ಎಲ್ಲರೂ ನಿಲ್ಲಿ ಅಂದೆ. ರೊಟ್ಟಿ ಬಡಿಯುವವರಲ್ಲಿ ಹಿರಿಯರಾದ ಗೌರಮ್ಮ, “ನಿಂತು ಮಾತಾಡಾಕ ನಾವೇನು ಜಗಳಕ್ಕ ಬಂದೀವೇನ್ರಿ ಸರ್? ಮೊದ್ಲು ಕುಂದರ್ರಿ” ಅಂದರು. ನಮ್ಮ ಕಡೆ, ಬಂದವರನ್ನು ನಿಲ್ಲಿಸಿ ಮಾತಾಡಿಸಿದರೆ ಮರ್ಯಾದೆಯಲ್ಲ. ಸರಿ, ನಿಂತ ಸಭೆ ಕೂತಿತು. ಚಹಾ ಬಂತು. ಯಾರದೋ ಮಗಳ ಬಾಣಂತನದ ವಿಚಾರವೂ ಇತ್ಯರ್ಥವಾಯಿತು. ಕೊನೆಗೆ ನಾನು ಗತ್ತಿನಿಂದ, ನಿಮ್ಮ ಕೆಲಸಕ್ಕೆ ಅಡ್ಡಿ ಏನಿದ್ದರೂ ಹೇಳಿ, ಇವತ್ತೇ ತೆಗೆಯುತ್ತೇನೆ ಅಂದೆ.

“ನಿಮ್ಮ ಟೇಬಲ್ ಐತಲ್ರಿ,” ಅಂದರು ಗೌರಮ್ಮ. “ಅದನ್ನ ಸುತ್ತು ಹಾಕ್ಕೊಂಡು ಬರೋದ್ರಾಗ ರೊಟ್ಟಿ ಮುರಿತಾವ್ರಿ.”

ಬಾಯಿಬಿಟ್ಟು ಹೇಳಿಯಾಗಿತ್ತಲ್ಲ, ಏನು ಮಾಡಲಿ? ನಾನೇ ಒಂದು ತುದಿ ಹಿಡಿದು ಟೇಬಲ್ಲನ್ನು ಹಿತ್ತಲಿಗೆ ಸಾಗಿಸಿದೆ. ರೊಟ್ಟಿ ಮುರಿಯುವುದು ನಿಜಕ್ಕೂ ಕಡಿಮೆಯಾಯಿತು. ಹೊಸ ಕಾಲದ ಮ್ಯಾನೇಜರ್ ಅಂದರೆ ಹೀಗಿರಬೇಕು ಎಂದು ಸಾಹುಕಾರರು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ದಿನಾ ಅಡ್ಡಿ ಹುಡುಕುತ್ತಾ ಒಲೆಯಿಂದ ಒಲೆಗೆ ಅಡ್ಡಾಡಿದೆ. ಬರಬರುತ್ತಾ ನನ್ನನ್ನು ಯಾರೂ ಏನೂ ಕೇಳದಂತಾಯಿತು. ಅದನ್ನೂ ನನ್ನ ಜಾಣತನದ ಫಲವೆಂದೇ ಎಣಿಸಿ ಹಿಗ್ಗಿದೆ.

ಅಷ್ಟರಲ್ಲಿ ಹಿರೇಹಡಗಲಿಯಲ್ಲಿ ಹೊಸ ಶಾಖೆ ತೆರೆಯುವುದೆಂದಾಯಿತು. ಅಲ್ಲಿಗೆ ಯಾರನ್ನು ಕಳಿಸಬೇಕೆಂಬುದನ್ನೂ ಸಾಹುಕಾರರು ಸಭೆಗೇ ಬಿಟ್ಟರು. ಯಾರು ಹೋದರೆ ಇಲ್ಲಿನ ಕೆಲಸ ನಿಲ್ಲುವುದಿಲ್ಲವೋ ಅಂಥವರ ಹೆಸರು ಹೇಳಿ ಅಂದರು. ಗೌರಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ.

“ನಮ್ಮ ಸರ್ ಅದಾರಲ್ರಿ.”

ಒಪ್ಪಿಗೆ ಇದ್ದವರು ಕೈ ಎತ್ತಿ ಎಂದು ಸಾಹುಕಾರರು ಅಂದದ್ದೇ ತಡ, ಹಿಟ್ಟು ಮೆತ್ತಿದ ಕೈಗಳೆಲ್ಲ ಮೇಲೆದ್ದವು. ಸರ್ವಾನುಮತ ಕೆಡಬಾರದೆಂದು ನಾನೂ ಎತ್ತಿದೆ.