ಹಸಿರು ದೀಪದ ಕಾವಲು

ಆ ಡಬ್ಬಿಯ ಕಡೆ ನಾನು ಮೊದಲ ಸಲ ಕಣ್ಣಿಟ್ಟು ನೋಡಿದ್ದು ಸೊಸೆ ಸ್ಫೂರ್ತಿ ದಸರಾ ರಜೆಗೆ ಕಂಪ್ಲಿಯ ತವರಿಗೆ ಹೊರಟ ದಿನ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವಾಕಿ. ಚಪ್ಪಲಿ ಮೆಟ್ಟುತ್ತಾ ಬಾಗಿಲಿಂದಲೇ ಕೈ ತೋರಿಸಿದಳು.

"ಅತ್ತಿ, ಟಿವಿ ಹತ್ರ ಹಸಿರು ದೀಪದ ಕರೇ ಡಬ್ಬಿ ಐತಲ್ಲ, ಎಂಟು ದಿನ ಆರಬಾರದ್ರಿ. ಯಾರೋ ಕಳಿಸಿದ ಮಾತು ನಮ್ಮನಿ ನೆಟ್ಟಿನ್ಯಾಗ ಹಾದು ಇನ್ಯಾರಿಗೋ ಮುಟ್ಟತೈತಿ. ಯಾರದು, ಏನು, ನಮಗೂ ತಿಳಿಯಂಗಿಲ್ಲ."

"ಹುಸೇನಮ್ಮ ಗೋಡಿ ಮ್ಯಾಲಿಂದ ಮುಚ್ಚಿದ ಪಾತ್ರಿ ಕೊಡ್ತಾಳ, ನಾ ಆ ಕಡಿ ಎರ್ರಮ್ಮಗ ದಾಟಸ್ತೀನಿ. ಹಂಗೇನು?"

"ಹಂಗ. ಮುಚ್ಚಳ ತೆಗೀಬಾರದು, ಅಷ್ಟ."

(ನನಗೆ ಕಷ್ಟವಾದದ್ದು ಅದೊಂದೇ.)

ಎಂಟು ದಿನ ತಪ್ಪದೆ ನಡೆದರೆ ಹೀಗೆ ಮಾತು ದಾಟಿಸುವ ಜಾಲದವರು ನಮ್ಮ ಡಬ್ಬಿಯನ್ನು ನಂಬಿಗಸ್ತ ಅನ್ನುತ್ತಾರಂತೆ. ತನ್ನ ಕ್ರಿಕೆಟ್ ಮ್ಯಾಚು ನಿಂತು ನಿಂತು ಬರುವುದು ಇದರಿಂದಲೇ ಎಂದು ಮಗ ತಿಪ್ಪೇಶ ಆಗಲೇ ಎರಡು ಸಲ ಹಠ ಹಿಡಿದು ಅವಳ ಕೈಯಿಂದಲೇ ಆರಿಸಿದ್ದ. ಈ ಸಲವೂ ನಿಂತರೆ ಡಬ್ಬಿ ಮನೆಯಿಂದ ಹೊರಗೆ ಎಂದು ಗಂಡ ಹೆಂಡಿರ ಕರಾರು.

ನಾನು ಡಬ್ಬಿಯ ಮುಂದೆ ಚಾಪೆ ಹಾಸಿದೆ. ಅಲ್ಲೇ ಊಟ, ಅಲ್ಲೇ ಅವರೆಕಾಯಿ ಸುಲಿಯುವುದು. ತಿಪ್ಪೇಶ ಹತ್ತಿರ ಬಂದರೆ ಸಾಕು, ನನಗೆ ಕೆಮ್ಮು.

ಏಳನೆಯ ದಿನ ಆಯುಧಪೂಜೆ. ಮಗನಿಗೆ ಒಮ್ಮೆಲೇ ಭಕ್ತಿ ಉಕ್ಕಿತು.

"ಅವ್ವಾ, ಇವತ್ತು ಬೈಕಿಗೆ ರಜೆ, ಈಳಿಗಿಗೆ ರಜೆ. ಇದೂ ಯಂತ್ರನ. ಆರಿಸಿ ಪೂಜಿ ಮಾಡಬೇಕವ್ವಾ."

"ಭಾಳ ಬಂದಿ ನನಗ ಶಾಸ್ತ್ರ ಹೇಳಾಕ! ನಿನ್ನ ಫೋನಿಗೆ ರಜೆ ಕೊಟ್ಟೀಯೇನಲೇ?"

ಫೋನು ಕಿಸೆಗೆ ಇಳಿಯಿತು. ಆದರೆ ಬೈಕಿಗೆ ದೃಷ್ಟಿ ತೆಗೆದು ಕುಂಬಳಕಾಯಿ ಒಡೆಯುವುದು ಈ ಮನೆಯಲ್ಲಿ ನನ್ನ ಕೆಲಸ. ಒಡೆದು ಒಳಗೆ ಬಂದೆ. ದೀಪ ಆರಿತ್ತು! ವಯರು ತಿಪ್ಪೇಶನ ಕೈಯಲ್ಲಿತ್ತು.

"ನೋಡವ್ವ, ಮ್ಯಾಚು ಈಗ ಹೆಂಗ ಓಡತೈತಿ! ಮಸ್ತ್!"

ಹಬ್ಬದ ಹೋಳಿಗೆ ಮುಚ್ಚಿಟ್ಟು, ಮುಖಕ್ಕೆ ಸೆರಗು ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದೆ.

ಮರುದಿನ ಸ್ಫೂರ್ತಿ ಬಂದು ಲ್ಯಾಪ್‌ಟಾಪ್ ತೆರೆದಳು. ನಾನು ತಲೆ ಎತ್ತಲಿಲ್ಲ.

"ಅತ್ತಿ! ಎಂಟು ದಿನ, ಒಂದು ಗಳಿಗಿನೂ ನಿಂತಿಲ್ಲ!"

ಟಿವಿಯ ಹಿಂದೆ ಕೈ ಹಾಕಿ ಇನ್ನೊಂದು ಕರೇ ಡಬ್ಬಿ ಎತ್ತಿ ತೋರಿಸಿದಳು. ಸಾಬೂನಿನ ಪೆಟ್ಟಿಗೆಯಷ್ಟು, ಹಸಿರಾಗಿ ಉರಿಯುತ್ತಿತ್ತು. ನಾನು ಕಾದದ್ದು, ಮಗ ಕಿತ್ತದ್ದು, ಹೋದ ವರ್ಷವೇ ಬಿಡಿಸಿದ ಕೇಬಲ್ಲಿನ ಡಬ್ಬಿ. (ಲೋಕದ ಮಾತೆಲ್ಲ ಹಾಯಬೇಕಾದರೆ ಡಬ್ಬಿ ದೊಡ್ಡದೇ ಇರಬೇಕಲ್ಲ!)

"ಹಂಗಾರ ನಿನ್ನಿ ಮ್ಯಾಚು ನಿಲ್ಲದ ಓಡಿದ್ದು ಹೆಂಗ?" ಅಂದ ತಿಪ್ಪೇಶ.

ಬನ್ನಿ ಕೊಡಲು ಬಂದ ನಮ್ಮ ಚಿತ್ತವಾಡ್ಗಿ ಓಣಿಯ ಹೆಂಗಸರಿಗೆಲ್ಲ ನಾನೇ ಹೇಳಿದೆ: "ಖರೇ ಡಬ್ಬಿ ಉಳಿಸಾಕ ಬೇಕಂತ ಸುಳ್ಳು ಡಬ್ಬಿ ಮುಂದ ಕುಂತಿದ್ದೆ. ಮಗ ಮೋಸ ಹೋದ."

"ಭಲೇ ಅಕ್ಕಾ!" ಅಂದಳು ಹುಸೇನಮ್ಮ. ಓಣಿಯಲ್ಲಿ ಅಷ್ಟು ಮರ್ಯಾದೆ ನನಗೆ ಎಂದೂ ಸಿಕ್ಕಿರಲಿಲ್ಲ.

ಸ್ಫೂರ್ತಿ ನನ್ನ ಕೈಗೆ ಚಹಾ ಕೊಟ್ಟು, ಎಲ್ಲರ ಮುಂದೆ ಮೆಲ್ಲಗೆ ಕೇಳಿದಳು:

"ಬೇಕಂತ ಕುಂತಿದ್ರ, ನಾ ಬಂದಾಗ ನಿಮ್ಮ ಕಣ್ಣು ಯಾಕ ಅಷ್ಟು ಬಾತಿದ್ವು, ಅತ್ತಿ?"